‘ರಿಯರ್-ಫೇಸಿಂಗ್’ಗೆ ಕನ್ನಡದಲ್ಲಿ ಏನನ್ನಬೇಕು?

ಗೆಳೆಯರೇ,

ಕಾರಿನಲ್ಲಿ ಹಸುಗೂಸನ್ನು ಕೂರಿಸುವ ಪುಟ್ಟ ಸೀಟಿನ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೇ ಪುಟದಲ್ಲೇ ‘ರಿಯರ್-ಫೇಸಿಂಗ್’ ಎಂಬ ಪದಕ್ಕೆ ಸಿಕ್ಕಿಬಿದ್ದೆ. ಮೊದಲ ಕರಡಿನಲ್ಲಿ ‘ಹಿಂಬದಿಯ ಸೀಟು’ ಎಂದು ಬರೆದಿದ್ದೆ. ಓದಿದ ಗೆಳತಿ, ‘ಅಂದ್ರೆ ಕಾರಿನ ಹಿಂದಿನ ಸಾಲಿನಲ್ಲಿ ಇಡಬೇಕು ಅಂತಲಾ?’ ಎಂದು ಕೇಳಿದಳು. ಅಲ್ಲ, ಮಗುವಿನ ಮುಖ ಕಾರಿನ ಹಿಂದುಗಡೆಗೆ ಇರಬೇಕು ಅಂತ.

ಹೋಗಲಿ ಎಂದು ಬಿಡುವ ಮಾತಲ್ಲ ಇದು. ಹೀಗೆ ಹಿಂದಕ್ಕೆ ಮುಖ ಮಾಡಿದ ಸೀಟನ್ನು, ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನ ಮೇಲೆ ಇಡಲೇಬಾರದು. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದು ಮಗುವಿನ ತಲೆಯ ಹಿಂದಿರುವ ಸೀಟಿನ ಬೆನ್ನಿಗೇ ಅಪ್ಪಳಿಸುತ್ತದೆ. ಇಂಥ ಎಚ್ಚರಿಕೆಯ ಸಾಲು ನನ್ನ ಕರಡಿನಲ್ಲಿ ‘ಹಿಂಬದಿಯ ಸೀಟನ್ನು ಮುಂದಿನ ಸೀಟಿನಲ್ಲಿ ಇಡಬೇಡಿ’ ಎಂದಾಗಿತ್ತು! ಓದಿದವರು ಏನು ತಿಳಿಯಬೇಕು?

ಆಮೇಲೆ ಕೂತು ಇಂಗ್ಲಿಷ್ ಪದಗಳ ಕೊನೆಗೆ ಅಂಟುವ ಇಂಥ ಬಾಲಗಳನ್ನೇ ಒಂದೊಂದಾಗಿ ನೋಡಿದೆ. ಸೈಡ್, ಫೇಸಿಂಗ್, ವರ್ಡ್ (ಬ್ಯಾಕ್‌ವರ್ಡ್‌ನಲ್ಲಿ ಬರುವುದು), ಬೌಂಡ್, ಮೌಂಟೆಡ್, ಮೋಸ್ಟ್. ಎಲ್ಲವೂ ‘ಎಲ್ಲಿ’ ಎನ್ನುವುದನ್ನೇ ಹೇಳುವ ಹಾಗೆ ಕಾಣುತ್ತವೆ. ಆದರೆ ರೋಡ್‌ಸೈಡ್ ಅಂದರೆ ವಸ್ತು ಇರುವ ಜಾಗ. ಸೌತ್-ಫೇಸಿಂಗ್ ಅಂದರೆ ಅದು ನೋಡುತ್ತಿರುವ ದಿಕ್ಕು. ನಾರ್ತ್‌ಬೌಂಡ್ ಅಂದರೆ ಹೊರಟಿರುವ ದಿಕ್ಕು. ವಾಲ್-ಮೌಂಟೆಡ್ ಅಂದರೆ ಯಾವುದಕ್ಕೆ ಕೂರಿಸಿದ್ದು ಎಂಬುದು. ನಾವು ಕನ್ನಡ ಮಾಡುವಾಗ ಇವನ್ನೆಲ್ಲ ‘ಮುಖಿ’, ‘ಅಭಿಮುಖ’ ಎನ್ನುವ ಒಂದೇ ಚೀಲಕ್ಕೆ ತುಂಬುತ್ತೇವೆ. ಕನ್ನಡದಲ್ಲಿ ಈ ವ್ಯತ್ಯಾಸ ತೋರಿಸಲು ವಿಭಕ್ತಿಯೇ ಸಾಕು: ದಾರಿಬದಿಯ ಮರ, ತೆಂಕಕ್ಕೆ ಮುಖ ಮಾಡಿದ ಕಿಟಕಿ, ಉತ್ತರಕ್ಕೆ ಹೊರಟ ರೈಲು, ಗೋಡೆಗೆ ಕೂರಿಸಿದ ದೀಪ. ಇರುವ ಜಾಗಕ್ಕೆ ‘ಯ’, ‘ಇನ’ ಬರುತ್ತವೆ. ನೋಡುವ, ಹೋಗುವ, ಅಂಟುವ ಕಡೆಗೆ ‘ಕ್ಕೆ’, ‘ಗೆ’ ಬರುತ್ತವೆ.

ಹಾಗಾದರೆ ‘ಪೂರ್ವದ ಬಾಗಿಲು’ ಅಂದಾಗ ಯಾರಿಗೂ ಗೊಂದಲ ಆಗುವುದಿಲ್ಲವಲ್ಲ, ಅದು ಹೇಗೆ? ಇದನ್ನು ತುಂಬ ಹೊತ್ತು ಯೋಚಿಸಿದೆ. ಪೂರ್ವದ ಗೋಡೆಯಲ್ಲಿರುವ ಬಾಗಿಲು ಹೊರಗೆ ನೋಡುವುದೂ ಪೂರ್ವಕ್ಕೇ. ಇರುವ ಜಾಗ, ನೋಡುವ ದಿಕ್ಕು ಎರಡೂ ಒಂದೇ ಆಗಿಬಿಡುತ್ತವೆ. ಕುರ್ಚಿ ಹಾಗಲ್ಲ. ಕೋಣೆಯ ಪೂರ್ವದ ಮೂಲೆಯಲ್ಲಿಟ್ಟ ಕುರ್ಚಿಯನ್ನು ಯಾವ ಕಡೆಗಾದರೂ ತಿರುಗಿಸಬಹುದು. ಅಂದರೆ ಎತ್ತಿ ಇಡಬಹುದಾದ ವಸ್ತುವಿಗೆ ‘ಹಿಂಬದಿಯ’, ‘ಪೂರ್ವದ’ ಎಂದಷ್ಟೇ ಹೇಳಿದರೆ ಸಾಲದು. ನಾನು ಎಡವಿದ್ದು ಇಲ್ಲೇ.

ಬೌಂಡ್ ಬಗ್ಗೆ ಒಂದು ಮಾತು. ಹೋಮ್‌ಬೌಂಡ್ ಅಂದರೆ ಮನೆಗೆ ಹೊರಟವರೂ ಹೌದು, ಮನೆ ಬಿಟ್ಟು ಹೊರಬರಲಾಗದವರೂ ಹೌದು. ಇಲ್ಲಿರುವುದು ಒಂದೇ ಪದದ ಎರಡು ಅರ್ಥವಲ್ಲ, ಎರಡು ಬೇರೆ ಪದಗಳು. ಹೊರಟ ಎನ್ನುವ ಬೌಂಡ್, ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ‘ಸಿದ್ಧವಾದ’ ಎಂಬರ್ಥದ ಪದದಿಂದ ಬಂದದ್ದು. ಇನ್ನೊಂದು, ಕಟ್ಟು ಎನ್ನುವ ಬೈಂಡ್‌ನಿಂದ ಬಂದದ್ದು. ಸ್ನೋಬೌಂಡ್ ಅಂದರೆ ಹಿಮಕ್ಕೆ ಸಿಕ್ಕಿಬಿದ್ದವರೇ ಹೊರತು ಹಿಮದತ್ತ ಹೊರಟವರಲ್ಲ. ವರ್ಡ್ ಎನ್ನುವ ಬಾಲದಲ್ಲಿರುವುದು ತಿರುಗಿದ ಎಂಬ ಅರ್ಥ. ಆಕ್‌ವರ್ಡ್ ಕೂಡ ಇದೇ ಗುಂಪಿನದು ಎಂದು ತಿಳಿದಾಗ ನನಗೆ ತುಂಬ ಖುಷಿಯಾಯಿತು. ಮೂಲದಲ್ಲಿ ಅದರ ಅರ್ಥ ತಪ್ಪು ಕಡೆಗೆ ತಿರುಗಿದ್ದು ಎಂದು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಮೋಸ್ಟ್. ಇನ್ನರ್‌ಮೋಸ್ಟ್, ಟಾಪ್‌ಮೋಸ್ಟ್, ಫೋರ್‌ಮೋಸ್ಟ್. ಇದು ಹೆಚ್ಚು ಎನ್ನುವ ಮೋಸ್ಟ್ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಫೊರ್ಮ’ ಅಂದರೇ ಮೊದಲನೆಯದು. ಅದಕ್ಕೆ ‘ಎಲ್ಲಕ್ಕಿಂತ’ ಎನ್ನುವ ಅರ್ಥದ ‘ಎಸ್ಟ್’ ಬಾಲವನ್ನೂ ಸೇರಿಸಿ ಜೋರು ಮಾಡಿದರು. ಮುಂದೆ ಜನರ ಕಿವಿಗೆ ಆ ಕೊನೆಯ ತುಂಡು ಮೋಸ್ಟ್ ಎಂದೇ ಕೇಳಿಸಿತು, ಹಾಗೇ ಉಳಿಯಿತು. ಆಗಲೇ ತುದಿ ಮುಟ್ಟಿದ ಪದವನ್ನು ಇನ್ನೊಮ್ಮೆ ತುದಿಗೆ ತಳ್ಳಿದ ಹಾಗೆ.

ಕನ್ನಡವೂ ಇದನ್ನೇ ಮಾಡುತ್ತದೆ, ಆದರೆ ತಲೆಯ ಕಡೆಯಿಂದ. ಮೊಟ್ಟಮೊದಲ, ಕಟ್ಟಕಡೆಯ, ನಟ್ಟನಡುವಿನ, ತುತ್ತತುದಿಯ. ಪದದ ಮೊದಲ ಅಕ್ಷರವನ್ನೇ ಹಿಡಿದು ಮುಂದೆ ಇನ್ನೊಂದು ತುಂಡು ಕಟ್ಟುತ್ತೇವೆ. ಹೀಗಿರುವಾಗ ಟಾಪ್‌ಮೋಸ್ಟ್‌ಗೆ ‘ಅತ್ಯುನ್ನತ ಸ್ಥಾನದಲ್ಲಿರುವ’ ಎಂದು ಬರೆಯುವುದು ಯಾಕೆ? ‘ತುತ್ತತುದಿಯ ಕೊಂಬೆ’ ಎಂದರೆ ಕೊಂಬೆ ಕಣ್ಣಿಗೇ ಬರುತ್ತದೆ. ಒಳ, ಕೆಳ ಇವಕ್ಕೆ ಈ ಕಟ್ಟು ಒಗ್ಗುವುದಿಲ್ಲ. ಅಲ್ಲಿ ‘ತೀರಾ ಒಳಗಿನ’, ‘ಎಲ್ಲಕ್ಕಿಂತ ಕೆಳಗಿನ’ ಎಂದರೆ ಆಯಿತು. ಐ-ಲೆವೆಲ್‌ಗೆ ‘ಕಣ್ಣಿನೆತ್ತರದ’ ಸಾಕು. ಎದೆಮಟ್ಟದ ನೀರು ಎನ್ನುತ್ತೇವಲ್ಲ, ಆ ‘ಮಟ್ಟ’ವೂ ಇದೇ ಕೆಲಸ ಮಾಡುತ್ತದೆ.

ನಮ್ಮದೇ ಆದ ಇನ್ನೊಂದು ಬಾಲವನ್ನು ಮರೆಯುತ್ತಿದ್ದೇವೆ ಅನ್ನಿಸುತ್ತದೆ: ‘ಅಣ’. ಮೂಡಣ, ಪಡುವಣ, ತೆಂಕಣ, ಬಡಗಣ, ಒಳಗಣ, ಹೊರಗಣ, ಹಿಂದಣ. ವಚನಗಳಲ್ಲಿ ಬರುವ ‘ಎತ್ತಣ’ವೂ ಹೀಗೇ. ಇದು ಇರುವ ಜಾಗವನ್ನು ಹೇಳುತ್ತದೆ, ಬಂದ ಜಾಗವನ್ನೂ ಹೇಳುತ್ತದೆ. ಪಡುವಣ ಗಾಳಿ ಅಂದರೆ ಪಡುವಲಿಂದ ಬೀಸುವ ಗಾಳಿ, ಇಂಗ್ಲಿಷಿನ ವೆಸ್ಟರ್ಲಿಯ ಹಾಗೆ. ವೆಸ್ಟ್‌ವರ್ಡ್ ಅಂದರೆ ಪಡುವಣಕ್ಕೆ, ಅಂದರೆ ಪೂರ್ತಿ ಉಲ್ಟಾ. ಆದ್ದರಿಂದ ಫೇಸಿಂಗ್‌ಗೆ ಬರೀ ‘ಅಣ’ ಹಾಕಿದರೆ ಕೆಲಸ ಕೆಟ್ಟಿತು.

ಕಸ್ಟಮರ್-ಫೇಸಿಂಗ್ ತರಹದ್ದಕ್ಕೆ ಪದ ಹೊಸೆಯುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ‘ಗ್ರಾಹಕರ ಜೊತೆ ನೇರವಾಗಿ ವ್ಯವಹರಿಸುವ ಸಿಬ್ಬಂದಿ’ ಉದ್ದವಾದರೂ ಅರ್ಥವಾಗುತ್ತದೆ. ‘ಗ್ರಾಹಕಾಭಿಮುಖಿ’ ಅರ್ಥವಾಗುವುದಿಲ್ಲ.

ಈಗ ನನ್ನ ಪ್ರಶ್ನೆ. ಕೈಪಿಡಿಯ ಒಳಗೆ ‘ಹಿಂದಕ್ಕೆ ಮುಖ ಮಾಡಿದ ಸೀಟು’ ಎಂದು ಬರೆದು ಮುಗಿಸಿದ್ದೇನೆ. ಆದರೆ ಸೀಟಿನ ಬದಿಗೆ ಅಂಟಿಸುವ ಚೀಟಿಯಲ್ಲಿ ಬಾಣದ ಗುರುತಿನ ಪಕ್ಕ ಒಂದು ಇಲ್ಲವೇ ಎರಡು ಪದಕ್ಕಷ್ಟೇ ಜಾಗ ಇದೆ. ‘ಹಿಮ್ಮುಖ’ ಎಂದರೆ ಗಾಡಿ ರಿವರ್ಸ್ ಹೋಗುವುದೇ ನೆನಪಾಗುತ್ತದೆ. ‘ಹಿಮ್ಮೊಗದ’, ‘ಮುಮ್ಮೊಗದ’ ಎಂಬ ಜೋಡಿ ಕೇಳಲು ಚೆನ್ನಾಗಿದೆ. ಆದರೆ ಮಗುವನ್ನು ಕೂರಿಸುವ ಗಡಿಬಿಡಿಯಲ್ಲಿ ಓದುವವರಿಗೆ ತಟ್ಟನೆ ಹೊಳೆಯುತ್ತದಾ? ‘ಮುಖ ಹಿಂದಕ್ಕೆ’ ಎಂದಷ್ಟೇ ಹಾಕಿದರೆ ಹೇಗೆ? ರೈಲಿನಲ್ಲಿ ಎಂಜಿನ್‌ಗೆ ಬೆನ್ನು ಹಾಕಿ ಕೂರುತ್ತೇವಲ್ಲ, ಹಾಗೆ ಕೂರುವುದಕ್ಕೆ ನಿಮ್ಮ ಮಾತಿನಲ್ಲಿ ಒಂದೇ ಪದ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.