ಕೊಲೆಗಾರ ಯಾರು ಅಂತ ಗೊತ್ತಾಗಿಬಿಟ್ಟಿದೆ, ನಾಟಕ ನೋಡಬಹುದಾ?

ಹಿಂದಿನಸಾಲು:
ಮುಂದಿನ ತಿಂಗಳು ಲಂಡನ್ನಿನಲ್ಲಿ ಒಂದು ಸಂಜೆ ಬಿಡುವಿದೆ. ಸೇಂಟ್ ಮಾರ್ಟಿನ್ಸ್ ಥಿಯೇಟರಿನಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ಗೆ ಟಿಕೆಟ್ ತೆಗೆದುಕೊಂಡಿದ್ದೇನೆ. ನಿನ್ನೆ ಆಫೀಸಿನಲ್ಲಿ ಖುಷಿಯಿಂದ ಹೇಳಿಕೊಂಡಿದ್ದೇ ತಪ್ಪಾಯ್ತು, ಪಕ್ಕದ ಸೀಟಿನ ಪುಣ್ಯಾತ್ಮ "ಓ ಅದಾ, ಕೊಲೆ ಮಾಡಿದ್ದು ಇಂಥವರೇ ಅಲ್ವಾ" ಅಂದುಬಿಟ್ಟ. ಈಗ ಹೋಗಿ ಏನು ನೋಡಲಿ? ಟಿಕೆಟ್ ಯಾರಿಗಾದರೂ ಕೊಟ್ಟುಬಿಡಲಾ?

ರಾತ್ರಿಗೂಬೆ:
ಕೊಡಬೇಡಿ, ಹೋಗಿ. ನಾನು ಎರಡು ಸಲ ನೋಡಿದ್ದೇನೆ, ಎರಡನೇ ಸಲವೇ ಜಾಸ್ತಿ ಮಜಾ ಬಂತು. ಶುರುವಿನಲ್ಲಿ ಪೂರ್ತಿ ಕತ್ತಲು, ಒಂದು ಚೀರಾಟ, ಆಮೇಲೆ ರೇಡಿಯೋ ವಾರ್ತೆ. ಕೊಲೆಯಾದ ಜಾಗದ ಹತ್ತಿರ ಕಂಡವನು ಕಪ್ಪು ಓವರ್‌ಕೋಟು, ತಿಳಿ ಬಣ್ಣದ ಸ್ಕಾರ್ಫು, ಮೆತ್ತನೆ ಹ್ಯಾಟು ಹಾಕಿದ್ದ ಅಂತ ಅದರಲ್ಲಿ ಹೇಳುತ್ತಾರೆ. ಆಮೇಲೆ ರಂಗದ ಮೇಲಿನ ಬಾಗಿಲು ನೋಡುತ್ತಿರಿ, ಹಿಮ ಕೊಡವಿಕೊಂಡು ಒಳಗೆ ಬರುವವರದ್ದೂ ಹೆಚ್ಚುಕಮ್ಮಿ ಅದೇ ವೇಷ! ಮೊದಲ ಸಲ ನಾನು ಸಿಕ್ಕಸಿಕ್ಕವರ ಮೇಲೆಲ್ಲ ಅನುಮಾನ ಪಡುತ್ತಾ ಕೂತಿದ್ದೆ. ಎರಡನೇ ಸಲ ಒಂದೇ ಪಾತ್ರದ ಮೇಲೆ ಕಣ್ಣಿಟ್ಟೆ, ಬೇರೆಯವರು ಮಾತಾಡುವಾಗ ಅದು ಸುಮ್ನೆ ನಿಂತು ಏನು ಮಾಡುತ್ತದೆ, ಯಾರ ಕಡೆ ನೋಡುತ್ತದೆ ಅಂತ. ಮಾತು ಅವೇ, ಆದರೆ ಅರ್ಥ ಬೇರೆ ಕೇಳಿಸುತ್ತದೆ.

ಪರದೆಹಿಂದೆ:
ಆ ರೇಡಿಯೋ ದನಿ ಇಂಗ್ಲಿಷ್ ನಟ ಡೆರಿಕ್ ಗೈಲರ್ ಅವರದು, ರೆಕಾರ್ಡ್ ಮಾಡಿಟ್ಟಿದ್ದು. ಅವರು 1999ರಲ್ಲೇ ತೀರಿಕೊಂಡರು, ದನಿ ಮಾತ್ರ ಇನ್ನೂ ವಾರ್ತೆ ಓದುತ್ತಲೇ ಇದೆ. ಬೆಂಕಿಗೂಡಿನ ಮೇಲಿರುವ ಗಡಿಯಾರವನ್ನೂ ನೋಡಿ, ಮೊದಲ ಸೆಟ್ಟಿನಲ್ಲಿ ಉಳಿದಿರುವುದು ಅದೊಂದೇ. 1952ರ ನವೆಂಬರ್ 25ಕ್ಕೆ ಪಕ್ಕದ ಥಿಯೇಟರಿನಲ್ಲಿ ಶುರುವಾದ ನಾಟಕ ಇದು. 1974ರಲ್ಲಿ ಒಂದು ಆಟವೂ ತಪ್ಪದ ಹಾಗೆ ಸೇಂಟ್ ಮಾರ್ಟಿನ್ಸ್‌ಗೆ ಬಂತು, ಕೊನೆಗೆ ಅದನ್ನು ಕೆಲಕಾಲ ನಿಲ್ಲಿಸಿದ್ದು 2020ರ ಕೊರೊನಾ. ಆದರೆ ಒಂದು ಮಾತು, ಮೊದಲರ್ಧ ನಿಧಾನ. ಮಾತುಗಳೂ ಹಳೇ ಕಾಲದವು. ನನಗಂತೂ ನಡುವೆ ಒಂದೆರಡು ಆಕಳಿಕೆ ಬಂದವು.

ಮೂರನೇಗಂಟೆ:
ಆಟ ಮುಗಿದ ಮೇಲೆ ನಟರೊಬ್ಬರು ಪ್ರೇಕ್ಷಕರ ಕಡೆ ತಿರುಗಿ, ಗುಟ್ಟು ಹೊರಗೆ ಬಿಡಬೇಡಿ ಅಂತ ಕೇಳಿಕೊಳ್ಳುತ್ತಾರೆ. ನಿಮ್ಮ ಪುಣ್ಯಾತ್ಮರು ಆ ಹೊತ್ತಿಗೆ ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದರು ಅನ್ಸುತ್ತೆ. ಅಂದ ಹಾಗೆ, ಅವರು ಹೇಳಿದ್ದು ಸರಿ ಅಂತ ನಿಮಗೆ ಹೇಗೆ ಗೊತ್ತು? ಹೆಸರು ಇಲ್ಲಿ ಬರೆಯಬೇಡಿ ಮತ್ತೆ!

ಹಿಂದಿನಸಾಲು:
ಈಗ ತಾನೇ ಕೇಳಿದೆ. ಅವನು ನಾಟಕ ನೋಡೇ ಇಲ್ಲವಂತೆ, ಯಾವಾಗಲೋ ಯಾರೋ ಹೇಳಿದ್ದಂತೆ. ಟಿಕೆಟ್ ಯಾರಿಗೂ ಕೊಡಲ್ಲ.