ಹೌಸ್‌ಬೋಟ್ ಎಸಿಗೆ ಜನರೇಟರ್ ಬದಲು ಸೋಲಾರ್ ಸಾಕಾಗುತ್ತಾ?

ಹೊಳೆಬದಿ: ಉಡುಪಿ ಸ್ವರ್ಣಾ ನದಿಯಲ್ಲಿ ಎರಡು ಕೋಣೆಯ ಹೌಸ್‌ಬೋಟ್. ಒಂದೊಂದು ಟನ್ನಿನ ಎರಡು ಎಸಿ, ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ. ಡೀಸೆಲ್ ಜನರೇಟರ್ ತೆಗೆದುಬಿಡಬಹುದಾ?

ತಂತಿಪಕ್ಕಡ್: ಎಸಿ ಇನ್ವರ್ಟರ್ ಮಾದರಿಯದ್ದಾ, ಅಂದ್ರೆ ಕಂಪ್ರೆಸರ್ ವೇಗ ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವಂಥದ್ದಾ? ಹಳೇದಾದ್ರೆ ಮೊದಲು ಅದನ್ನೇ ಬದಲಿಸಿ. ಕಂಪ್ರೆಸರ್ ಶುರುವಾಗುವಾಗ ನಾಲ್ಕೈದು ಪಟ್ಟು ಕರೆಂಟ್ ಎಳೆದು ಇಡೀ ಸಿಸ್ಟಮ್ಮನ್ನೇ ಟ್ರಿಪ್ ಮಾಡುತ್ತೆ. ಹೊಸದು ಸರಾಸರಿ 650 ವಾಟ್ ಅಂತಿಟ್ಟುಕೊಂಡರೂ ಎರಡಕ್ಕೆ ರಾತ್ರಿಗೆ 12 ಯೂನಿಟ್. 51.2 ವೋಲ್ಟ್, 400 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿ. ಶೇ 80 ಬಳಸಿದರೆ 16 ಯೂನಿಟ್ ಸಿಗುತ್ತೆ. 550 ವಾಟಿನ 8 ಪ್ಯಾನೆಲ್, ನೆರಳಿಲ್ಲದ 21 ಚದರ ಮೀಟರ್ ಚಾವಣಿ ಬೇಕು.

ಅಳಿವೆಬಾಗಿಲು: ಲೆಕ್ಕ ಸರಿ, ತೂಕ ಮರೆತಿರಿ. ಕೆಳಗಿನ ಜನರೇಟರ್ ಹೋಗಿ ಚಾವಣಿ ಮೇಲೆ ಪ್ಯಾನೆಲ್ ತೂಕ ಇನ್ನೂರು ಕಿಲೋ ದಾಟಿದರೆ ದೋಣಿ ಹೆಚ್ಚು ಓಲಾಡುತ್ತೆ. ಬ್ಯಾಟರಿ ಕೆಳಗೇ ಇರಲಿ, ಆದರೆ ತಳದ ನೀರು ಮುಟ್ಟದ ಎತ್ತರದಲ್ಲಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ. ಉಪ್ಪುಗಾಳಿಗೆ ಬರಿ ತಾಮ್ರದ ತಂತಿ ಒಳಗೊಳಗೇ ಹಸಿರುಗಟ್ಟುತ್ತೆ, ತವರ ಲೇಪಿಸಿದ್ದೇ ತಗೊಳ್ಳಿ.

ಹೊಳೆಬದಿ: ಮಳೆಗಾಲಕ್ಕೆ?

ತಂತಿಪಕ್ಕಡ್: ಜೂನ್‌ನಿಂದ ಆಗಸ್ಟ್ ತನಕ ಸೋಲಾರ್ ಕರೆಂಟ್ ತುಂಬಾ ಕಡಿಮೆ ಬರುತ್ತೆ. ದೋಣಿ ಕಟ್ಟುವ ದಕ್ಕೆಯಲ್ಲಿ ಮೆಸ್ಕಾಂ ಕರೆಂಟ್ ಲೈನಿದ್ದರೆ ಚಾರ್ಜರ್ ಹಾಕಿಸಿ. ಇಲ್ಲವಾದರೆ ಜನರೇಟರ್ ಮಾರಬೇಡಿ.