ಸಹಾಯ ಬೇಕು: ಮೆಟಲ್ ನುಡಿಸಲು ಯಾವ ಪಿಕಪ್?

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ನಾವು ನಾಲ್ವರು ಸೇರಿ ಹೆವಿ ಮೆಟಲ್ ನುಡಿಸುತ್ತೇವೆ. ನನ್ನ ಗಿಟಾರಿನ ಬ್ರಿಜ್ (ತಂತಿಗಳು ಒಡಲ ಮೇಲೆ ಕೂರುವ ಪಟ್ಟಿ) ಬಳಿಯ ಹಂಬಕರ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಸುರುಳಿಯ ಪಿಕಪ್, ಬದಲಿಸಬೇಕಾಗಿದೆ. ಆಂಪ್‌ನ ಗೇನ್ (ದನಿಯನ್ನು ಒರಟಾಗಿಸುವ ವರ್ಧನೆ) ಏರಿಸಿದರೆ ದಪ್ಪ ತಂತಿಗಳ ಸ್ವರ ಕಲಸಿಹೋಗುತ್ತದೆ; ಅಂಗೈಯಿಂದ ತಂತಿ ಅದುಮಿ ಬಾರಿಸುವಾಗ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು. ಶ್ರುತಿ ಡ್ರಾಪ್ ಡಿ (ಅತಿ ದಪ್ಪ ತಂತಿಯನ್ನು ಇ ಸ್ವರದಿಂದ ಡಿಗೆ ಇಳಿಸಿದ್ದು). ಮರ ಮಹಾಗನಿ.

ಮನಸ್ಸು ಇಎಂಜಿ 81 ಎಂಬ ಪಿಕಪ್ ಕಡೆ ವಾಲಿದೆ. ಸೆರಾಮಿಕ್ ಅಯಸ್ಕಾಂತ, ಬಿಗಿಯಾದ ದನಿ, ಗುಂಯ್‌ಗುಡುವುದೂ ಕಡಿಮೆ. ಆದರೆ ಅದು ಆಕ್ಟಿವ್, ಅಂದರೆ ಒಳಗೆ ಬ್ಯಾಟರಿಯಿಂದ ನಡೆಯುವ ಪುಟ್ಟ ವರ್ಧಕವಿರುವಂಥದ್ದು: 9 ವೋಲ್ಟ್ ಬ್ಯಾಟರಿಗೆ ಜಾಗ ಬೇಕು, ಈಗಿರುವ 500ಕೆ (ಕಿಲೊಓಮ್) ಪಾಟ್‌ಗಳನ್ನು, ಅಂದರೆ ವಾಲ್ಯೂಮ್, ಟೋನ್ ತಿರುಗಣೆಗಳ ಕೆಳಗಿನ ರೋಧಕಗಳನ್ನು, ತೆಗೆದು 25ಕೆ ಹಾಕಬೇಕು. ನನ್ನ ಗಿಟಾರಿನ ಹಿಂಬದಿಯ ಗುಳಿಯೋ ಬಹಳ ಕಿರಿದು. ಮರ ಕೊರೆಸಲು ನನಗೆ ಧೈರ್ಯ ಸಾಲದು.

ಬ್ಯಾಟರಿ ಬೇಡದ ಪ್ಯಾಸಿವ್‌ಗಳಲ್ಲಿ ಡಿಮಾರ್ಜಿಯೊ ಸೂಪರ್ ಡಿಸ್ಟಾರ್ಷನ್ ಮತ್ತು ಸೀಮೋರ್ ಡಂಕನ್ ಜೆಬಿ ಕಣ್ಣಿಗೆ ಬಿದ್ದಿವೆ. ಮೊದಲನೆಯದು ಸೆರಾಮಿಕ್, ಎರಡನೆಯದು ಆಲ್ನಿಕೊ 5 (ಅಲ್ಯೂಮಿನಿಯಂ, ನಿಕೆಲ್, ಕೋಬಾಲ್ಟ್ ಬೆರೆತ ಅಯಸ್ಕಾಂತ). ಮಹಾಗನಿ ಗಿಟಾರಿನಲ್ಲಿ ಇವನ್ನು ನುಡಿಸಿದವರು ಮಂದ್ರ ಹೇಗೆ ಕೇಳುತ್ತದೆ ಎಂದು ಹೇಳಿ. ಅಂಗಡಿಯವರನ್ನು ಕೇಳಿ ಪ್ರಯೋಜನವಿಲ್ಲ, ಅವರ ಬಳಿ ಇರುವುದೆಲ್ಲವೂ ಉತ್ತಮವೇ! ಪಿಕಪ್ ಎತ್ತರ ತಗ್ಗಿಸಿ ನೋಡಿದ್ದಾಗಿದೆ, ತಂತಿಗಳೂ ಹೊಸವು. ಆ ಸಲಹೆ ಬೇಡ. ಹೈದರಾಬಾದಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಗಿಟಾರಿನ ಬೆಸುಗೆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡುವವರು ಗೊತ್ತಿದ್ದರೆ ತಿಳಿಸಿ.